ಚೀಲದ ಗೊಬ್ಬರವಾ, ಹಟ್ಟಿ ಗೊಬ್ಬರವಾ?

ಅಡಿಕೆಗೆ ಯಾವುದು ಒಳ್ಳೇದು?
ಚೀಲದ ಗೊಬ್ಬರವಾ, ಹಟ್ಟಿ ಗೊಬ್ಬರವಾ?
ಉಜಿರೆ ಪೇಟೆಯಲ್ಲಿ ಕೇಳಿ ನೋಡಿ,
ಚಾ ತಣ್ಣಗಾದ್ರೂ ವಾದ ಮುಗಿಯಲ್ಲ!

ಒಂದೇ ವರ್ಷದ ಫಸಲು ನೋಡಿ ತೀರ್ಪು ಕೊಡೋದು ಅಂದ್ರೆ,
ಪೀಠಿಕೆಯ ಚೆಂಡೆ ಕೇಳಿ ಎದ್ದು ಬಂದು
ಇಡೀ ರಾತ್ರಿಯ ಆಟದ ವಿಮರ್ಶೆ ಮಾಡಿದ ಹಾಗೆ.

ಸ್ವಿಟ್ಜರ್ಲೆಂಡಿನಲ್ಲಿ 1978ರಲ್ಲಿ
ಒಂದೇ ಹೊಲದಲ್ಲಿ ಸಾವಯವ, ರಾಸಾಯನಿಕ ಎರಡೂ ಪದ್ಧತಿ ಅಕ್ಕಪಕ್ಕ ಶುರು ಮಾಡಿದ್ರು.
21 ವರ್ಷದ ಲೆಕ್ಕ ಕೇಳಿ:
ಸಾವಯವದಲ್ಲಿ ಇಳುವರಿ ಶೇಕಡಾ 20 ಕಡಿಮೆ.
ಆದ್ರೆ ಕೊಟ್ಟ ಪೋಷಕಾಂಶ?
ಕನಿಷ್ಠ ಮೂರನೇ ಒಂದು ಪಾಲು ಕಡಿಮೆ!
ಮಣ್ಣಲ್ಲಿ ಎರೆಹುಳ ಮಾತ್ರ ಜಾಸ್ತಿ.

ಸರಿ, ಅದು ಗೋಧಿ, ಆಲೂಗಡ್ಡೆ.
ನಮ್ಮದು ಮುರಕಲ್ಲು ಮಣ್ಣು, ಆಟಿಯ ಮಳೆ.
ಇಲ್ಲೇ ವಿಟ್ಲದ ಸಿಪಿಸಿಆರ್‌ಐ ತೋಟದ ಬೆಳೆ ಸಂಶೋಧನಾ ಕೇಂದ್ರ
ಅಡಿಕೆ ಸೋಗೆಯಿಂದ ಎರೆಗೊಬ್ಬರ ಮಾಡಿ
ಅಡಿಕೆ ಮರಕ್ಕೇ ಹಾಕಿ ಪರೀಕ್ಷಿಸಿದೆ.

ತೋಟ ಪೂರ್ತಿ ಒಮ್ಮೆಲೇ ಬದಲಿಸಬೇಡಿ.
ಎರಡು ಸಾಲು ಬೇರೆ ಬಿಡಿ, ಕೊಯ್ಲು ಬೇರೆ ತೂಗಿ,
ವರ್ಷವರ್ಷ ಬರೆದಿಡಿ.