ಪ್ರೊಪೆಲ್ಲರ್ ಶಾಫ್ಟ್ ಸೀಲ್

ಪ್ರೊಪೆಲ್ಲರ್ ಶಾಫ್ಟ್ ಸೀಲ್ ಎಂಬುದು ಎಂಜಿನ್ ಅಳವಡಿಸಿದ ಹಾಯಿದೋಣಿಗಳಲ್ಲಿ, ತಿರುಗುವ ಶಾಫ್ಟ್ ದೋಣಿಯ ಒಡಲನ್ನು ದಾಟಿ ಹೊರಹೋಗುವೆಡೆಯಲ್ಲಿ ನೀರು ಒಳನುಗ್ಗದಂತೆ ತಡೆಯುವ ಸಾಧನ. ಈ ರಂಧ್ರವು ನೀರಿನ ಮಟ್ಟಕ್ಕಿಂತ ಕೆಳಗಿರುವುದರಿಂದ, ಸೀಲ್ ಕೆಟ್ಟರೆ ದೋಣಿಯೇ ಮುಳುಗಬಹುದು. ಘರ್ಷಣೆಯಿಂದ ಹುಟ್ಟುವ ಶಾಖವನ್ನು ಹೀರಿಕೊಳ್ಳುವುದೂ ಅದೇ ನೀರು. ಆದ್ದರಿಂದ ಸೀಲ್ ನೀರನ್ನು ತಡೆಯಬೇಕು, ಆದರೆ ತಾನು ಒಣಗಬಾರದು.

ಬಗೆಗಳು

ಹಳೆಯ ಬಗೆಯಾದ ಸ್ಟಫಿಂಗ್ ಬಾಕ್ಸ್‌ನಲ್ಲಿ, ಮೇಣ ಅಥವಾ ಗ್ರೀಸ್ ಹಚ್ಚಿದ ಅಗಸೆನಾರಿನ ಹುರಿಯನ್ನು ಶಾಫ್ಟ್‌ನ ಸುತ್ತ ಬಳೆಗಳಂತೆ ತುಂಬಿ, ನಟ್ಟಿನಿಂದ ಒತ್ತಲಾಗುತ್ತದೆ. ಮುಖ ಸೀಲ್‌ನಲ್ಲಿ, ರಬ್ಬರ್ ತಿದಿಗೆ ಜೋಡಿಸಿದ ಕಾರ್ಬನ್ ಬಳೆಯು, ಶಾಫ್ಟ್‌ನೊಡನೆ ತಿರುಗುವ ಸ್ಟೇನ್‌ಲೆಸ್ ಸ್ಟೀಲ್ ಬಳೆಗೆ ಒತ್ತಿಕೊಂಡಿರುತ್ತದೆ. ತುಟಿ ಸೀಲ್‌ನಲ್ಲಿ ರಬ್ಬರಿನ ತೆಳು ಅಂಚುಗಳು ಶಾಫ್ಟ್ ಅನ್ನು ಅಪ್ಪಿಕೊಂಡಿರುತ್ತವೆ.

ಜೋಡಣೆ

ಹೊಸ ಸೀಲ್ ಕೂರಿಸಲು ದೋಣಿಯನ್ನು ನೀರಿನಿಂದ ಮೇಲೆತ್ತಿ, ಗೇರ್‌ಬಾಕ್ಸ್‌ನ ಕಪ್ಲಿಂಗ್ ಕಳಚಬೇಕಾಗುತ್ತದೆ. ಶಾಫ್ಟ್‌ನ ಮೇಲ್ಮೈ ಗೀರುಗಳಿಲ್ಲದೆ ನುಣುಪಾಗಿರಬೇಕು. ಹುರಿಯ ಪ್ರತಿ ಬಳೆಯನ್ನೂ ಪ್ರತ್ಯೇಕವಾಗಿ ಕತ್ತರಿಸಿ, ಕೊನೆಗಳು ಕೂಡುವ ಜಾಗಗಳು ಒಂದೇ ಸಾಲಿಗೆ ಬಾರದಂತೆ ಸುಮಾರು 120 ಡಿಗ್ರಿ ಸರಿಸಿ ಇಡುತ್ತಾರೆ. ಮುಖ ಸೀಲ್‌ನ ತಿದಿಯನ್ನು ತಯಾರಕರು ಸೂಚಿಸಿದಷ್ಟೇ ಅಮುಕಿ, ಉಕ್ಕಿನ ಬಳೆಯನ್ನು ತಿರುಪುಗಳಿಂದ ಬಿಗಿಯುತ್ತಾರೆ. ಅದರ ಉಜ್ಜುಮುಖಗಳಿಗೆ ಎಣ್ಣೆ ತಾಗಬಾರದು. ತುಟಿ ಸೀಲ್ ತೂರಿಸುವಾಗ ಶಾಫ್ಟ್‌ನ ಚೂಪು ಅಂಚುಗಳಿಗೆ ಹೊದಿಕೆ ಹಾಕದಿದ್ದರೆ ತುಟಿ ಹರಿಯುತ್ತದೆ.

ತಂಪುಗೊಳಿಸುವಿಕೆ

ಸಾಂಪ್ರದಾಯಿಕ ಸ್ಟಫಿಂಗ್ ಬಾಕ್ಸ್‌ನಲ್ಲಿ ಶಾಫ್ಟ್ ತಿರುಗುವಾಗ ನಿಮಿಷಕ್ಕೆ ಕೆಲವು ಹನಿ ನೀರು ತೊಟ್ಟಿಕ್ಕುವುದು ದೋಷವಲ್ಲ. ಅದೇ ತಂಪು, ಅದೇ ಜಾರಿಕೆ. ಹನಿ ನಿಲ್ಲಿಸಲೆಂದು ನಟ್ಟನ್ನು ಅತಿಯಾಗಿ ಬಿಗಿದರೆ ಹುರಿ ಸುಟ್ಟು, ಶಾಫ್ಟ್ ಸವೆಯುತ್ತದೆ.

ಉಳಿದೆರಡು ಬಗೆಗಳಿಗೆ ಅಪಾಯ ಒಳಗೆ ಸಿಲುಕಿದ ಗಾಳಿಯಿಂದ. ದೋಣಿಯನ್ನು ನೀರಿಗಿಳಿಸಿದೊಡನೆ ತಿದಿಯನ್ನು ಹಿಂದಕ್ಕೆ ಒತ್ತಿ ಅಥವಾ ತುಟಿ ಸೀಲನ್ನು ಹಿಸುಕಿ, ನೀರು ಕಾಣುವವರೆಗೆ ಗಾಳಿಯನ್ನು ಹೊರಬಿಡಬೇಕು. ಕೆಲವು ಸೀಲ್‌ಗಳಿಗೆ ಗಾಳಿಕೊಳವೆ ಇರುತ್ತದೆ. ಅದರ ತುದಿ ನೀರಿನ ಮಟ್ಟಕ್ಕಿಂತ ಸಾಕಷ್ಟು ಮೇಲಿರಬೇಕು. ವೇಗದ ದೋಣಿಗಳಲ್ಲಿ ಎಂಜಿನ್ ತಂಪಾಗಿಸುವ ನೀರಿನ ಒಂದು ಕವಲನ್ನು ಸೀಲ್‌ಗೆ ಹರಿಸುತ್ತಾರೆ. ಹಾಯಿಯ ಬಲದಿಂದಲೇ ಸಾಗುವಾಗ ಪ್ರೊಪೆಲ್ಲರ್ ತಾನಾಗಿ ತಿರುಗಬಹುದು. ಆಗ ಎಂಜಿನ್ ನಿಂತಿರುವುದರಿಂದ ಈ ಕವಲಿನಲ್ಲಿ ನೀರು ಹರಿಯದು ಎಂಬುದನ್ನು ಮರೆಯಬಾರದು.

ನಿರ್ವಹಣೆ

ರಬ್ಬರ್ ಭಾಗಗಳಲ್ಲಿ ಬಿರುಕು, ಕ್ಲಿಪ್‌ಗಳಲ್ಲಿ ತುಕ್ಕು ಇವೆಯೇ ಎಂದು ಆಗಾಗ ಪರೀಕ್ಷಿಸಿ, ಅವಧಿ ಮುಗಿದವನ್ನು ಬದಲಿಸುವುದು ಅಗತ್ಯ. ಎಂಜಿನ್ ನಿಲ್ಲಿಸಿ, ಶಾಫ್ಟ್ ತಿರುಗುವುದು ನಿಂತ ಬಳಿಕ ಸೀಲ್‌ನ ಕವಚದ ಬಳಿಗೆ ಎಚ್ಚರದಿಂದ ಕೈ ಒಯ್ದು ನೋಡಿದರೆ ಅದರ ಸ್ಥಿತಿ ತಿಳಿಯುತ್ತದೆ: ಉಗುರುಬೆಚ್ಚಗಿದ್ದರೆ ಸರಿ, ಮುಟ್ಟಲಾಗದಷ್ಟು ಬಿಸಿಯಾಗಿದ್ದರೆ ನೀರು ತಲುಪುತ್ತಿಲ್ಲ ಅಥವಾ ಬಿಗಿತ ಹೆಚ್ಚಾಗಿದೆ ಎಂದರ್ಥ.