ಕೆರೆಯ ಅಂಚಿಗೆ ಆಕಾಶದ ಸಾಕ್ಷಿ

ಬೆಂಗಳೂರಿನಿಂದ ಯಲಹಂಕಕ್ಕೆ ಹೋಗುವ ಬಳ್ಳಾರಿ ರಸ್ತೆಯ ಬಳಿ ಅಲ್ಲಾಳಸಂದ್ರವಿದೆ. ‘ಸಂದ್ರ’ ಎಂದರೆ ಸಮುದ್ರ. ಹಿರಿಯರು ಕೆರೆಗಳಿಗೆ ಅಭಿಮಾನದಿಂದ ಇಟ್ಟ ಹೆಸರು. ಊರಿನ ಕೆರೆ ಈಗಲೂ ಇದೆ. ಆದರೆ ಸುತ್ತಲಿನ ಹೊಲಗದ್ದೆಗಳ ಜಾಗದಲ್ಲಿ ಬಡಾವಣೆಗಳು ಎದ್ದಿವೆ. ಇಂಥ ಕಡೆ ಕೆರೆ ಮೊದಲು ಎಲ್ಲಿಯವರೆಗಿತ್ತೆಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಗುರುತು ಹೇಳುತ್ತಾರೆ. ಈ ವಾದ ಬಗೆಹರಿಸಲು ಬೇರೆ ಬೇರೆ ವರ್ಷಗಳ ವೈಮಾನಿಕ ಛಾಯಾಚಿತ್ರಗಳು ನೆರವಾಗುತ್ತವೆ.

ವಿಮಾನ ಒಂದೇ ಎತ್ತರದಲ್ಲಿ ಸಾಲುಸಾಲಾಗಿ ಹಾರುತ್ತ, ನೆಲಕ್ಕೆ ನೇರವಾಗಿ ಮುಖಮಾಡಿದ ಕ್ಯಾಮರಾದಿಂದ ಚಿತ್ರ ತೆಗೆಯುತ್ತದೆ. ಒಂದು ಚಿತ್ರದ ಸುಮಾರು ಶೇಕಡ 60 ಭಾಗ ಮುಂದಿನ ಚಿತ್ರದಲ್ಲೂ ಬರುತ್ತದೆ. ಅಂಥ ಎರಡನ್ನು ಸ್ಟೀರಿಯೋಸ್ಕೋಪಿನಲ್ಲಿ ಜೋಡಿಸಿ ನೋಡಿದರೆ ನೆಲದ ಏರುತಗ್ಗು ಕಣ್ಣಿಗೆ ಕಟ್ಟುತ್ತದೆ. 1970ರಲ್ಲಿ ಪ್ರೊ. ಪಿ. ಆರ್. ಪಿಷಾರೋಟಿಯವರ ತಂಡ ಕೇರಳದ ತೆಂಗಿನ ಬೇರು ಸೊರಗು ರೋಗವನ್ನು ಹೆಲಿಕಾಪ್ಟರಿನಿಂದ ತೆಗೆದ ಅವಗೆಂಪು ಚಿತ್ರಗಳಲ್ಲಿ ಗುರುತಿಸಿತು. ನೀರು ಅವಗೆಂಪು ಕಿರಣಗಳನ್ನು ಹೀರಿಕೊಳ್ಳುವುದರಿಂದ ಇಂಥ ಚಿತ್ರದಲ್ಲಿ ಕಪ್ಪಾಗಿ ಕಂಡು, ದಡ ಸ್ಪಷ್ಟವಾಗುತ್ತದೆ.

ಅಳೆಯುವ ಬಗೆ

ಚಿತ್ರದ ಪ್ರಮಾಣ 1:20,000 ಎಂದಿಟ್ಟುಕೊಳ್ಳಿ. ಅದರ 1 ಸೆಂ.ಮೀ. ನೆಲದ ಮೇಲೆ 200 ಮೀಟರ್. 1 ಚದರ ಸೆಂ.ಮೀ. ಎಂದರೆ 4 ಹೆಕ್ಟೇರ್, ಸುಮಾರು 10 ಎಕರೆ. ಹಳೆಯ ಚಿತ್ರದಲ್ಲಿ ಕೆರೆ 4 ಚದರ ಸೆಂ.ಮೀ. ಇದ್ದು, ಹೊಸದರಲ್ಲಿ 3 ಆಗಿದ್ದರೆ 10 ಎಕರೆಯಷ್ಟು ನೀರು ಹಿಂದೆ ಸರಿದಿದೆ.

ಆದರೆ ಅವಸರದ ತೀರ್ಮಾನ ಸಲ್ಲದು. ಮೇ ತಿಂಗಳ ಚಿತ್ರವನ್ನು ಹಿಂಗಾರು ಮುಗಿದ ಮೇಲಿನ ಚಿತ್ರದೊಂದಿಗೆ ಹೋಲಿಸಬಾರದು. ಎರಡರಲ್ಲೂ ನೀರು ಕೋಡಿಯ ಮಟ್ಟದಲ್ಲಿದ್ದರೆ ಉತ್ತಮ. ಏರಿ, ತೂಬು, ಹಳೆಯ ಗುಡಿ ಮುಂತಾದ ಕದಲದ ಗುರುತುಗಳನ್ನು ಮೊದಲು ಹೊಂದಿಸಿಕೊಳ್ಳಬೇಕು.

ಕಾರಣವನ್ನೂ ಚಿತ್ರವೇ ಸೂಚಿಸುತ್ತದೆ. ಮಳೆ ಕಡಿಮೆಯಾಗಿದ್ದರೆ ನೀರಿನ ಸುತ್ತ ಬರಿಯ ಕೆರೆಯಂಗಳ ಕಾಣುತ್ತದೆ. ಹೂಳು ತುಂಬಿದ್ದರೆ ಹಳ್ಳ ಸೇರುವ ಬಾಯಲ್ಲಿ ಬೀಸಣಿಗೆಯಂತೆ ನೆಲ ಹರಡಿರುತ್ತದೆ. ಮಣ್ಣು ಸುರಿದು ಒತ್ತುವರಿ ಮಾಡಿದ್ದರೆ ಅಂಚು ನೇರವಾಗಿರುತ್ತದೆ. ಏರಿಯನ್ನು ಬಿಟ್ಟರೆ ಕೆರೆಯ ದಡ ಬಾಗಿ ಬಳುಕುವುದೇ ಸಹಜ. ನೇರ ಗೆರೆ ಸಾಮಾನ್ಯವಾಗಿ ಮನುಷ್ಯನದು.

ಈಗ ಡ್ರೋನ್ ಚಿತ್ರಗಳಲ್ಲಿ ಕೆಲವೇ ಸೆಂ.ಮೀ. ಅಗಲದ ಗುರುತೂ ಕಾಣುತ್ತದೆ. ಆದರೆ ನಿನ್ನೆಯ ದಡವನ್ನು ಇಂದಿನ ಡ್ರೋನ್ ತೋರಿಸಲಾರದು. ಅದಕ್ಕೆ ಹಳೆಯ ಚಿತ್ರವೇ ಬೇಕು. ಚಿತ್ರ ನೀರಿನ ಅಂಚನ್ನು ತೋರಿಸೀತೇ ಹೊರತು ಜಮೀನಿನ ಹಕ್ಕನ್ನಲ್ಲ. ಆದ್ದರಿಂದ ಅದನ್ನು ಗ್ರಾಮ ನಕಾಶೆ ಮತ್ತು ಸರ್ವೆ ದಾಖಲೆಗಳೊಂದಿಗೆ ತಾಳೆ ನೋಡಬೇಕು.

ರೈತ ಬಾಂಧವರು ತಮ್ಮ ಊರಿನ ಕೆರೆ ಕೋಡಿ ಬಿದ್ದ ವರ್ಷ ಗ್ರಾಮಸ್ಥರ ಸಮಕ್ಷಮದಲ್ಲಿ ನೀರಿನ ಅಂಚನ್ನು ಗುರುತು ಹಾಕಿ, ತಾರೀಖು ಬರೆದಿಡುವುದು ಒಳ್ಳೆಯದು. ಕೆರೆ ಒಂದು ಮೂಲೆಯಲ್ಲಿ ಕಿರಿದಾದರೂ ನಷ್ಟ ಅಚ್ಚುಕಟ್ಟಿನ ಕೊನೆಯ ಗದ್ದೆಗೂ, ಸುತ್ತಲಿನ ಬಾವಿಗಳಿಗೂ ತಟ್ಟುತ್ತದೆ.