ನಾರಾ ಕ್ಷೇತ್ರದಲ್ಲಿ ಒಂದು ದಿನ

ಮರದಿಂದ ಕಟ್ಟಿದುದು ಬಾಳದು, ಕಲ್ಲಿನಿಂದ ಕಟ್ಟಿದುದು ಅಳಿಯದು ಎಂಬುದು ನಮ್ಮಲ್ಲಿ ಬಲವಾಗಿ ಬೇರೂರಿರುವ ಭಾವನೆ. ಜಪಾನು ದೇಶದ ನಾರಾ ಪಟ್ಟಣವನ್ನು ನೋಡಿಬಂದವರಿಗೆ ಈ ಭಾವನೆಯು ಹಾಗೆಯೇ ಉಳಿಯುವುದು ಕಷ್ಟ. ಕ್ರಿ. ಶ. 710 ರಿಂದ 784 ರ ವರೆಗೆ ಬಹುಕಾಲ ಆ ದೇಶದ ರಾಜಧಾನಿಯಾಗಿದ್ದ ಊರು ಅದು. ನಮ್ಮ ಚಾಲುಕ್ಯರು ಪಟ್ಟದಕಲ್ಲಿನಲ್ಲಿ ಕಲ್ಲನ್ನು ಕಡೆದು ಗುಡಿಗಳನ್ನೆತ್ತಿದ ಕಾಲದಲ್ಲಿಯೇ ಅಲ್ಲಿಯವರು ಮರವನ್ನು ಕೆತ್ತಿ ವಿಹಾರಗಳನ್ನೆತ್ತಿದರು. ಬೆಂಕಿ, ಭೂಕಂಪ, ಯುದ್ಧ, ಮಳೆ ಇಷ್ಟನ್ನೂ ಕಂಡ ಆ ಮರವು ಇಂದಿಗೂ ನಿಂತಿರುವುದು ಹೇಗೆ?

ಈ ಪ್ರಶ್ನೆ ನನಗೆ ಕೇವಲ ಕುತೂಹಲದ್ದಾಗಿರಲಿಲ್ಲ. ಮಲೆನಾಡಿನಲ್ಲಿರುವ ನಮ್ಮ ಊರಿನ ಗುಡಿಯು ಮರದ ಕಂಬ, ಹೆಂಚಿನ ಮಾಡುಗಳಿಂದ ಕೂಡಿದುದು. ಕಂಬಗಳ ಬುಡಕ್ಕೆ ಗೆದ್ದಲು ಹತ್ತಿ, ಎರಡು ಮಳೆಗಾಲಗಳಿಂದ ಮಾಡು ಸೋರತೊಡಗಿತ್ತು. ಎಲ್ಲವನ್ನೂ ಕಿತ್ತು ಸಿಮೆಂಟಿನಿಂದ ಕಟ್ಟೋಣವೆಂದು ಊರಿನವರಲ್ಲಿ ಒಂದು ಪಕ್ಷ. ಹಿರಿಯರು ಕಟ್ಟಿದುದಕ್ಕೆ ಕೈ ಹಚ್ಚಲಾಗದೆಂದು ಇನ್ನೊಂದು ಪಕ್ಷ. ನಾನು ಮೊದಲಿನ ಪಕ್ಷದವನು, ನಮ್ಮ ತಾಯಿಯವರು ಎರಡನೆಯದರವರು. ಹೀಗೆ ಮನೆಯೊಳಗೇ ಎರಡು ಮತವಿದ್ದಾಗ ನಾವಿಬ್ಬರೂ ಜಪಾನಿಗೆ ಹೋಗುವ ಯೋಗ ಬಂದಿತು.

ಕ್ಯೋಟೋದಿಂದ ಹೊತ್ತಾರೆಯ ರೈಲಿನಲ್ಲಿ ಹೊರಟು ನಾರಾವನ್ನು ದಾಟಿ ಮೊದಲು ಹೋರ್ಯೂಜಿಗೆ ಹೋದೆವು. ನಮಗೆ ದಾರಿ ತೋರಲು ಒಪ್ಪಿಕೊಂಡಿದ್ದವರು ಎಪ್ಪತ್ತು ದಾಟಿದ ಒಬ್ಬ ನಿವೃತ್ತ ಉಪಾಧ್ಯಾಯರು. ಸಂಭಾವನೆಯನ್ನು ಅಪೇಕ್ಷಿಸದೆ ಯಾತ್ರಿಕರಿಗೆ ಊರನ್ನು ತೋರಿಸುವುದೇ ಅವರಿಗೆ ಸಂತೋಷ. ಅವರ ಇಂಗ್ಲಿಷನ್ನು ನಾನು ಕನ್ನಡಕ್ಕೆ ತಿರುಗಿಸಿ ತಾಯಿಯವರಿಗೆ ಹೇಳುತ್ತಿದ್ದೆನು.

ಹೋರ್ಯೂಜಿಯನ್ನು ಯುವರಾಜ ಶೋತೋಕು 607 ರಲ್ಲಿ ಸ್ಥಾಪಿಸಿದನೆಂದು ಪ್ರಸಿದ್ಧಿ. 670 ರಲ್ಲಿ ಅದು ಸುಟ್ಟುಹೋಗಲು ಕೆಲವು ದಶಕಗಳೊಳಗೆ ಮತ್ತೆ ಕಟ್ಟಿದರು. ಈಗ ಉಳಿದಿರುವ ಮರದ ಕಟ್ಟಡಗಳಲ್ಲಿ ಲೋಕದಲ್ಲೆಲ್ಲ ಅತಿ ಪುರಾತನವಾದುವು ಇವೇ. ಐದು ಅಂತಸ್ತಿನ ಸ್ತೂಪಗೋಪುರದ ನಡುಗಂಬದ ಉಂಗುರಗಳನ್ನು ಪರೀಕ್ಷಿಸಿದ ವಿದ್ವಾಂಸರು ಆ ಮರವನ್ನು ಕಡಿದುದು 594 ರಲ್ಲೆಂದು ನಿರ್ಣಯಿಸಿರುವರು. ನಮ್ಮ ಇಮ್ಮಡಿ ಪುಲಿಕೇಶಿ ಇನ್ನೂ ಪಟ್ಟಕ್ಕೆ ಬಂದಿರದ ಕಾಲವದು!

ಮಾರ್ಗದರ್ಶಿಗಳು ಒಂದು ಕಂಬದ ಬಳಿ ಬಾಗಿ ಅದರ ಬುಡವನ್ನು ತೋರಿಸಿದರು. ಮೇಲಿನ ಮರದ ಬಣ್ಣ ಒಂದು, ಕೆಳಗಿನ ಮೊಳದುದ್ದದ ಮರದ ಬಣ್ಣ ಇನ್ನೊಂದು. “ಕೊಳೆತ ಭಾಗವನ್ನಷ್ಟೇ ಕೊಯ್ದು, ಅದೇ ಜಾತಿಯ ಮರದ ತುಂಡನ್ನು ಬೆಸೆಯುವರು. ಕಂಬವು ತನ್ನ ಸ್ಥಾನದಲ್ಲಿಯೇ ಇರುವುದು,” ಎಂದರು. ತಾಯಿಯವರು ಆ ಬೆಸುಗೆಯ ಮೇಲೆ ಬೆರಳಾಡಿಸಲು ಕೈ ಚಾಚಿ, ಮುಟ್ಟಬಾರದೆಂಬ ಫಲಕವನ್ನು ಕಂಡು ಹಿಂದಕ್ಕೆಳೆದುಕೊಂಡರು.

ಇಷ್ಟೊಂದು ಜಾಗರೂಕತೆಗೆ ದುಃಖದ ಕಾರಣವೊಂದುಂಟು. ಇಲ್ಲಿಯ ಮುಖ್ಯ ಮಂದಿರದ ಗೋಡೆಗಳ ಮೇಲೆ ನಮ್ಮ ಅಜಂತೆಯೊಡನೆ ಹೋಲಿಸತಕ್ಕಂಥ ಬುದ್ಧಲೋಕದ ಚಿತ್ರಗಳಿದ್ದುವು. 1949 ರ ಜನವರಿ 26 ರ ಮುಂಜಾನೆ ಬೆಂಕಿಯೆದ್ದು ಅವು ಕಮರಿಹೋದುವು. ಜೀರ್ಣೋದ್ಧಾರಕ್ಕಾಗಿ ಮೇಲಂತಸ್ತನ್ನು ಮೊದಲೇ ಬಿಚ್ಚಿಟ್ಟಿದ್ದುದರಿಂದ ಅಷ್ಟು ಭಾಗ ಉಳಿಯಿತು. ದೇಶಕ್ಕೆ ದೇಶವೇ ಮರುಗಿ, ಮರುವರ್ಷ, 1950 ರಲ್ಲಿ, ಪ್ರಾಚೀನ ಸಂಪತ್ತಿನ ರಕ್ಷಣೆಗೆ ಶಾಸನವಾಯಿತು. ಇಂದಿಗೂ ಪ್ರತಿವರ್ಷ ಜನವರಿ 26 ರಂದು ದೇವಾಲಯಗಳಲ್ಲಿ ಬೆಂಕಿಯನ್ನು ನಂದಿಸುವ ಅಭ್ಯಾಸವನ್ನು ನಡೆಸುವರು. ನಮಗೆ ಹಬ್ಬದ ದಿನವಾದುದು ಅವರಿಗೆ ಎಚ್ಚರದ ದಿನ.

ಮಧ್ಯಾಹ್ನಕ್ಕೆ ನಾರಾ ಪಟ್ಟಣಕ್ಕೆ ಮರಳಿದೆವು. ಕೋಫುಕುಜಿಯ ಐದಂತಸ್ತಿನ ಗೋಪುರವು 1426 ರಲ್ಲಿ ಕಟ್ಟಿದುದು. ಜೀರ್ಣೋದ್ಧಾರಕ್ಕಾಗಿ ಸುತ್ತಲೂ ಮರೆಕಟ್ಟಿದ್ದರಾದ ಕಾರಣ ನಮಗೆ ಅದರ ದರ್ಶನವಾಗಲಿಲ್ಲ. ಅಲ್ಲಿಯ ಸಂಗ್ರಹಾಲಯದಲ್ಲಿ ಮೂರು ಮುಖ, ಆರು ತೋಳುಗಳ ಒಂದು ವಿಗ್ರಹವಿದೆ. ಅದರ ಹೆಸರು ‘ಆಶುರಾ’, ಎಂದರೆ ನಮ್ಮ ಅಸುರನೇ. “ಅಸುರನಿಗೆ ಗುಡಿಯಲ್ಲಿ ಸ್ಥಾನವೆ?” ಎಂದು ತಾಯಿಯವರು ಬೆರಗಾದರು. ಬುದ್ಧನ ಉಪದೇಶವನ್ನು ಕೇಳಿ ಧರ್ಮರಕ್ಷಕನಾದವನು ಇವನೆಂದು ತಿಳಿಯಿತು. ಮುಖವಾದರೋ ಅಳು ತಡೆದುಕೊಂಡ ಬಾಲಕನದು. 734 ರಲ್ಲಿ, ತಾಯಿಯನ್ನು ಕಳೆದುಕೊಂಡ ಚಕ್ರವರ್ತಿನಿ ಕೋಮ್ಯೋ ಅವಳ ನೆನಪಿಗಾಗಿ ಕಟ್ಟಿಸಿದ ಮಂದಿರದಲ್ಲಿ ಇಟ್ಟ ವಿಗ್ರಹಗಳಲ್ಲಿ ಇದೊಂದು. ಅರಗಿನಂಥ ಮರದ ಹಾಲಿನಲ್ಲಿ ಬಟ್ಟೆಯನ್ನು ನೆನೆಸಿ ಪದರಪದರವಾಗಿ ಅಂಟಿಸಿ ಮಾಡಿದುದು, ಒಳಗೆ ಟೊಳ್ಳು. ಬಲು ಹಗುರವಾದ್ದರಿಂದ ಬೆಂಕಿ ಬಿದ್ದಾಗಲೆಲ್ಲ ಭಿಕ್ಷುಗಳು ಎತ್ತಿಕೊಂಡು ಹೊರಗೋಡಿದರೆಂದು ಹೇಳುವರು.

ಅಲ್ಲಿಂದ ತೋದಾಯಿಜಿಗೆ ಹೋಗುವ ದಾರಿಯುದ್ದಕ್ಕೂ ಜಿಂಕೆಗಳು. ಸಾವಿರಕ್ಕೂ ಹೆಚ್ಚಿನ ಇವುಗಳನ್ನು ದೇವರ ದೂತರೆಂದು ಜನ ಆದರಿಸುವರು. ತಲೆಬಾಗಿಸಿ ತಿಂಡಿ ಬೇಡುವ ಈ ದೂತರಲ್ಲೊಂದು ನನ್ನ ಕೈಯಲ್ಲಿದ್ದ ಊರಿನ ನಕಾಶೆಯನ್ನೂ ಅರ್ಧ ಕಬಳಿಸಿತು.

ತೋದಾಯಿಜಿಯ ದಕ್ಷಿಣ ಮಹಾದ್ವಾರವು 1199 ರದು. ಅದರ ಎರಡು ಬದಿಗೂ 8 ಮೀಟರಿಗೆ ಮಿಕ್ಕ ಎತ್ತರದ ದ್ವಾರಪಾಲಕರಿರುವರು. 1203 ರಲ್ಲಿ ಉಂಕೇ, ಕಾಯಿಕೇ ಎಂಬ ಶಿಲ್ಪಿಗಳೂ ಅವರ ಪರಿವಾರದವರೂ ಸೇರಿ ಸುಮಾರು 70 ದಿನಗಳಲ್ಲಿ ಇವನ್ನು ಮುಗಿಸಿದರಂತೆ. ಒಳಗೆ ವೈರೋಚನ ಬುದ್ಧನ ಕಂಚಿನ ಮಹಾಮೂರ್ತಿ, ಸುಮಾರು 15 ಮೀಟರು ಎತ್ತರ. ನೆಲವು ಕಲ್ಲಿನದು, ಪಾದರಕ್ಷೆ ಕಳಚಬೇಕಾಗಿಲ್ಲವೆಂದು ಮಾರ್ಗದರ್ಶಿಗಳು ಹೇಳಿದರೂ ತಾಯಿಯವರು ಕೇಳಲಿಲ್ಲ. ಚಪ್ಪಲಿಯನ್ನು ಚೀಲದಲ್ಲಿಟ್ಟುಕೊಂಡು ಬರಿಗಾಲಲ್ಲೇ ಒಳಹೊಕ್ಕರು.

ಈ ಮೂರ್ತಿಗೂ ನಮ್ಮ ಭರತಖಂಡಕ್ಕೂ ನೇರವಾದ ಸಂಬಂಧವಿದೆ. ಚಕ್ರವರ್ತಿ ಶೋಮು 743 ರಲ್ಲಿ ಇದನ್ನು ಮಾಡಿಸುವ ಆಜ್ಞೆ ಹೊರಡಿಸಿದಾಗ, ಒಂದು ಹುಲ್ಲುಕಡ್ಡಿ, ಒಂದು ಹಿಡಿ ಮಣ್ಣನ್ನು ತರುವವನಿಗೂ ಈ ಪುಣ್ಯದಲ್ಲಿ ಪಾಲಿರಲಿ ಎಂಬ ಅಭಿಪ್ರಾಯವನ್ನು ಅದರಲ್ಲಿ ಸೇರಿಸಿದನು. 752 ರಲ್ಲಿ ಮೂರ್ತಿಯ ನೇತ್ರೋನ್ಮೀಲನವನ್ನು ನಡೆಸಿದವನು ಭಾರತದಿಂದ 736 ರಲ್ಲಿ ಅಲ್ಲಿಗೆ ಹೋಗಿದ್ದ ಬೋಧಿಸೇನ ಎಂಬ ಬ್ರಾಹ್ಮಣ ಭಿಕ್ಷು. ಅವನು ಹಿಡಿದ ಕುಂಚಕ್ಕೆ ಉದ್ದವಾದ ದಾರಗಳನ್ನು ಕಟ್ಟಿ, ನೆರೆದವರು ಅವನ್ನು ಹಿಡಿದುಕೊಂಡು ಆ ಪುಣ್ಯಕಾರ್ಯದಲ್ಲಿ ಸೇರಿದರು. ಆ ಕುಂಚವು ಇಂದಿಗೂ ಉಳಿದಿದೆ.

ತಾಯಿಯವರು ಬಹಳ ಹೊತ್ತು ಕೈಮುಗಿದು ನಿಂತಿದ್ದು, “ಇದು ಅದೇ ಮೂರ್ತಿಯೆ?” ಎಂದು ಕೇಳಿದರು.

ಮಾರ್ಗದರ್ಶಿಗಳು ಸತ್ಯವನ್ನೇ ಹೇಳಿದರು. 855 ರ ಭೂಕಂಪದ ತರುವಾಯ ತಲೆ ಕಳಚಿಬಿದ್ದಿತು. 1180 ರ ಯುದ್ಧದಲ್ಲಿ ಮಂದಿರವೂ ಮೂರ್ತಿಯೂ ಬೆಂದುವು. ಚೋಗೆನ್ ಎಂಬ ವೃದ್ಧ ಭಿಕ್ಷುವು ಊರೂರು ಅಲೆದು ಧನವೆತ್ತಿ ಮತ್ತೆ ನಿಲ್ಲಿಸಿದನು. 1185 ರಲ್ಲಿ ಬೋಧಿಸೇನನ ಅದೇ ಕುಂಚದಿಂದಲೇ ಪುನಃ ಕಣ್ಣು ತೆರೆಸಿದರು. 1567 ರಲ್ಲಿ ಇನ್ನೊಮ್ಮೆ ಬೆಂಕಿ. ಆಮೇಲೆ ಬಹುಕಾಲ ಬುದ್ಧನು ಬಿಸಿಲುಮಳೆಗಳಲ್ಲಿಯೇ ಕುಳಿತಿದ್ದನು. ಕೋಕೇ ಎಂಬ ಭಿಕ್ಷುವಿನ ಪ್ರಯತ್ನದಿಂದ 1692 ರಲ್ಲಿ ಮೂರ್ತಿಯೂ, 1709 ರಲ್ಲಿ ಈಗಿನ ಮಂದಿರವೂ ಸಿದ್ಧವಾದುವು. ಮೊದಲು ಸುಮಾರು 86 ಮೀಟರು ಅಗಲವಿದ್ದ ಮಂದಿರವು ಈಗ 57 ಮೀಟರು ಮಾತ್ರ. ತಲೆಯೊಂದು ಕಾಲದ್ದು, ಕೈಗಳು ಇನ್ನೊಂದು ಕಾಲದ್ದು. ಪೀಠದ ಕಮಲದ ದಳಗಳಲ್ಲಿ ಕೆಲವು ಮಾತ್ರ ಮೊದಲಿನವು.

“ಭಗ್ನವಾದ ಮೂರ್ತಿಯನ್ನು ನಮ್ಮಲ್ಲಿ ಪೂಜಿಸುವುದಿಲ್ಲ,” ಎಂದರು ತಾಯಿಯವರು, ಆಕ್ಷೇಪಣೆಯ ಧ್ವನಿಯಿಂದಲ್ಲ, ಸಂಶಯದಿಂದ.

ಆ ವೃದ್ಧರು ಸ್ವಲ್ಪ ಯೋಚಿಸಿ, “ತಾಯೀ, ಹುಲ್ಲುಕಡ್ಡಿ ತರುವವರು ಪ್ರತಿ ಸಲವೂ ದೊರೆತರು. ಆದಕಾರಣ ಇದು ಅದೇ ಮೂರ್ತಿಯೆಂದು ನಾವು ತಿಳಿಯುವೆವು,” ಎಂದರು. ಆ ಮಾತನ್ನು ಕನ್ನಡದಲ್ಲಿ ಹೇಳುವಾಗ ನನ್ನ ಕಂಠ ಕೊಂಚ ಬಿಗಿಯಿತು.

ಸಂಜೆಯ ಬಿಸಿಲಿಳಿಯುವ ಮುನ್ನ ಕಸುಗಾ ದೇವಾಲಯವನ್ನು ಸೇರಿದೆವು. ಇದು ಬೌದ್ಧವಿಹಾರವಲ್ಲ, ಶಿಂತೋ ಮತದ ಗುಡಿ. 768 ರಲ್ಲಿ ಸ್ಥಾಪಿತವಾದುದು. ಹಿಂದಿನ ಬೆಟ್ಟದ ಕಾಡಿನಲ್ಲಿ ಮರ ಕಡಿಯುವುದನ್ನು 841 ರಲ್ಲಿಯೇ ನಿಷೇಧಿಸಿದರು. ದಾರಿಯ ಎರಡು ಬದಿಗೂ ಪಾಚಿಗಟ್ಟಿದ ಕಲ್ಲುದೀಪಗಳು, ಒಳಗೆ ಕಂಚಿನ ತೂಗುದೀಪಗಳು, ಎಲ್ಲ ಸೇರಿ ಸುಮಾರು 3000. ಭಕ್ತರು ತಲೆತಲಾಂತರದಿಂದ ಅರ್ಪಿಸಿದುವು. ವರ್ಷಕ್ಕೆರಡು ಸಲ, ಫೆಬ್ರವರಿಯ ಆರಂಭದಲ್ಲಿಯೂ ಆಗಸ್ಟ್ 14 ಮತ್ತು 15 ರಂದೂ, ಅವನ್ನೆಲ್ಲ ಬೆಳಗುವರು. ಕೈಬಾಯಿ ತೊಳೆದು, ಎರಡು ಸಲ ಬಾಗಿ, ಎರಡು ಸಲ ಕೈತಟ್ಟಿ, ಮತ್ತೊಮ್ಮೆ ಬಾಗುವುದು ಅಲ್ಲಿಯ ವಂದನೆಯ ಕ್ರಮ. ತಾಯಿಯವರು ಅದನ್ನು ತಪ್ಪದೆ ಮಾಡಿದರು.

ಇಲ್ಲಿ ಇಪ್ಪತ್ತು ವರ್ಷಕ್ಕೊಮ್ಮೆ ಗುಡಿಯನ್ನು ನವೀಕರಿಸುವ ಸಂಪ್ರದಾಯವಿದೆ. ಹಿಂದೆ ಹೊಸದಾಗಿಯೇ ಕಟ್ಟುತ್ತಿದ್ದರು. ಈಗಿರುವ ಗರ್ಭಗುಡಿಗಳು 1863 ರವಾಗಿದ್ದು ಅಲ್ಲಿಂದೀಚೆಗೆ ದುರಸ್ತಿಮಾತ್ರ ನಡೆಯುತ್ತಿದೆ. 2016 ರಲ್ಲಿ ಮುಗಿದುದು ಅರುವತ್ತನೆಯ ಸಲದ್ದು. ಮಾಡಿಗೆ ಹೊದಿಸುವುದು ಹಿನೋಕಿ ಮರದ ತೊಗಟೆ. ಮರವನ್ನು ಕಡಿಯದೆ ನಿಂತಲ್ಲಿಯೇ ತೊಗಟೆಯನ್ನು ಸುಲಿದರೆ ಕೆಲವು ವರ್ಷಗಳಲ್ಲಿ ಮತ್ತೆ ಬೆಳೆಯುವುದು.

“ಇಪ್ಪತ್ತು ವರ್ಷವೇ ಏಕೆ?” ಎಂದು ನಾನು ಕೇಳಿದೆನು.

“ಒಬ್ಬ ಬಡಗಿಯು ಇಪ್ಪತ್ತರಲ್ಲಿ ನೋಡಿ ಕಲಿಯುವನು, ನಾಲ್ವತ್ತರಲ್ಲಿ ತಾನೇ ಮಾಡುವನು, ಅರುವತ್ತರಲ್ಲಿ ಪರರಿಗೆ ಕಲಿಸುವನು. ಉಳಿಸಬೇಕಾದುದು ಮರವನ್ನಲ್ಲ, ಕೈಯನ್ನು,” ಎಂದು ಅವರು ಉತ್ತರವಿತ್ತರು. ಮರದ ಕಟ್ಟಡಗಳನ್ನು ಕಾಪಾಡುವ ಜಪಾನೀಯರ ಈ ಕೈಗೆಲಸವನ್ನು 2020 ರಲ್ಲಿ ಯುನೆಸ್ಕೋ ಸಂಸ್ಥೆಯು ಮಾನವಕುಲದ ಪರಂಪರೆಯೆಂದು ಗಣಿಸಿತು.

ರೈಲಿನಲ್ಲಿ ಮರಳುವಾಗ ನಾವಿಬ್ಬರೂ ಬಹಳ ಹೊತ್ತು ಮಾತಾಡಲಿಲ್ಲ. ಕಿತ್ತೊಗೆಯಬೇಕೆಂದ ನಾನೂ ತಪ್ಪಿದ್ದೆನು. ಮುಟ್ಟಲೇಬಾರದೆಂದ ತಾಯಿಯವರೂ ತಪ್ಪಿದ್ದರು. ಮುಟ್ಟದೆ ಬಿಟ್ಟಿದ್ದರೆ ನಾರಾದಲ್ಲಿ ಇಂದು ಬೂದಿಯುಳಿಯುತ್ತಿತ್ತು. ಕಿತ್ತೊಗೆದಿದ್ದರೆ ಅದೂ ಉಳಿಯುತ್ತಿರಲಿಲ್ಲ.

ಕೊನೆಗೆ ತಾಯಿಯವರೇ ಬಾಯಿತೆರೆದರು: “ನಮ್ಮ ಗುಡಿಯ ಮುಚ್ಚಿಗೆಯನ್ನು ಮಾಡಿದ ಆಚಾರಿಗಳ ಮನೆಯಲ್ಲಿ ಈಗ ಯಾರಿದ್ದಾರೆ?”

“ಮಗನಿದ್ದಾನೆ, ಎಪ್ಪತ್ತು ವರ್ಷ. ಮೊಮ್ಮಗ ಬೆಂಗಳೂರಿನಲ್ಲಿ ಬೇರೆ ಕೆಲಸದಲ್ಲಿದ್ದಾನೆ.”

“ಹಾಗಾದರೆ ಊರಿಗೆ ಹೋದೊಡನೆ ಮೊದಲು ಆ ಹಿರಿಯರನ್ನು ಕಾಣು. ಕಂಬದ ಬುಡ ಬೆಸೆಯುವುದು ಅವರಿಗೆ ಬರುವುದೇ ಕೇಳು. ಮೊಮ್ಮಗನಿಗೂ ಒಂದು ಕಾಗದ ಬರೆ. ಸಭೆಯನ್ನು ಆಮೇಲೆ ಸೇರಿಸಿದರಾಯಿತು.”

ಊರಿಗೆ ಬಂದ ಮೂರನೆಯ ದಿನ ಆ ಹಿರಿಯರ ಮನೆಗೆ ಹೋದೆನು. ನಾನು ಹೇಳಿದುದನ್ನು ಕೇಳಿ, ಅವರು ಅಟ್ಟದಿಂದ ತಮ್ಮ ತಂದೆಯ ಉಳಿಗಳ ಪೆಟ್ಟಿಗೆಯನ್ನು ಇಳಿಸಿ ತರಿಸಿದರು.